ಮೀನಿನ ಕೆರೆಯ ಗೋಡು, ಅಡಿಕೆ ಮರದ ಬುಡಕ್ಕೆ

ತೀರ್ಥಹಳ್ಳಿ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಮೇಲ್ಗಡೆ ಹತ್ತು ಗುಂಟೆಯ ಕೆರೆ ಇದೆ. ಅದರಲ್ಲಿ ಕಾಟ್ಲಾ, ರೋಹು, ಮೃಗಾಲ್ ಸಾಕಲು ಶುರು ಮಾಡಿ ಆರು ವರ್ಷ ಆಯ್ತು. ಮೊದಲೆರಡು ವರ್ಷ ಮೀನು ಹಿಡಿದ ಮೇಲೆ ನೀರನ್ನು ಸುಮ್ನೆ ಹಳ್ಳಕ್ಕೆ ಬಿಡುತ್ತಿದ್ದೆ. ತಳದ ಕಪ್ಪು ಕೆಸರೂ, ಅಂದರೆ ಗೋಡೂ, ಅದರ ಜೊತೆಗೇ ಹೋಗುತ್ತಿತ್ತು.

ಒಂದು ದಿನ ಕೂತು ಲೆಕ್ಕ ಹಾಕಿದೆ. ಮೀನಿಗೆ ವರ್ಷಕ್ಕೆ 300 ಕಿಲೋ ಶೇಂಗಾ ಹಿಂಡಿ ಹಾಕುತ್ತೇನೆ, ತೌಡು ಬೇರೆ. ಹಿಂಡಿಯಲ್ಲಿ ಸಾರಜನಕ ಸುಮಾರು 7%, ಅಂದರೆ 21 ಕಿಲೋ. ಅದರಲ್ಲಿ ಮೀನಿನ ಮೈಗೆ ಹತ್ತುವುದು ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಷ್ಟೇ. ಉಳಿದ 14 ಕಿಲೋ ನೀರಿಗೂ ಕೆಸರಿಗೂ ಸೇರುತ್ತದೆ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಿ ಅನ್ನುತ್ತಾರೆ. 140 ಮರದ ಸಾರಜನಕವನ್ನು ಕೈಯಾರೆ ಹಳ್ಳಕ್ಕೆ ಸುರಿದಿದ್ದೆ. ಹೊಟ್ಟೆ ಉರಿಯಿತು.

ಮೂರನೇ ವರ್ಷ ಅವಸರ ಮಾಡಿದೆ. ಮೇ ಕೊನೆಯಲ್ಲಿ ಹಸಿ ಕೆಸರನ್ನೇ ಬುಡಕ್ಕೆ ಹಾಕಿಸಿದೆ. ಇದರಲ್ಲಿ ಪೊಟ್ಯಾಷ್ ಕಡಿಮೆ ಅಂತ ಒಲೆ ಬೂದಿಯನ್ನೂ ಕಲೆಸಿದೆ. ಕಣ್ಣು ಉರಿಯುವಷ್ಟು ಘಾಟು ಎದ್ದಿತು. ಬೂದಿ ಕ್ಷಾರ. ಹಸಿ ಕೆಸರಿಗೆ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಉಳಿದದ್ದನ್ನು ಜೂನ್ ಮಳೆ ತೊಳೆದುಕೊಂಡು ಹೋಯ್ತು.

ಅಪ್ಪಯ್ಯ ನೋಡಿ, "ಗೋಡನ್ನ ಹಸಿದೇ ಹಾಕ್ತಾರಾ ಮಾರಾಯ? ಒಣಗ್ಲಿ, ದರಕಿನ ಜೊತೆ ಕೊಳೀಲಿ" ಅಂದರು. ದರಕು ಅಂದರೆ ಉದುರಿದ ಒಣ ಎಲೆ. ಊರ ಕೆರೆಯ ಗೋಡನ್ನು ಗಾಡಿಯಲ್ಲಿ ತೋಟಕ್ಕೆ ಹೊಡೆಯುತ್ತಿದ್ದ ಕಾಲವನ್ನು ಕಂಡವರು ಅವರು.

ಈಗ ನೀರು ಬೇರೆ, ಗೋಡು ಬೇರೆ ಬಳಸುತ್ತೇನೆ. ಮೀನು ಹೊರಹಾಕುವ ಸಾರಜನಕದಲ್ಲಿ ಜಾಸ್ತಿ ಪಾಲು ಕಿವಿರಿನಿಂದ ನೀರಿಗೆ ಕರಗುತ್ತದೆ. ರಂಜಕ ಹೆಚ್ಚಾಗಿ ಹಿಕ್ಕೆಯ ಜೊತೆ ತಳದಲ್ಲಿ ಕೂರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ ತಳದ ನೀರನ್ನು ಪೈಪಿನಲ್ಲಿ ತೋಟಕ್ಕೆ ಬಿಡುತ್ತೇನೆ. ಕೆರೆ ಮೇಲಿದೆ, ಮೋಟಾರು ಬೇಡ. ಬಿಟ್ಟಷ್ಟು ಅಬ್ಬಿ ನೀರು (ಗುಡ್ಡದಿಂದ ಹರಿದು ಬರುವ ನೀರು) ಬಂದು ತುಂಬುತ್ತದೆ, ಮೀನಿಗೂ ಒಳ್ಳೆಯದು. ಡ್ರಿಪ್‌ಗೆ ಮಾತ್ರ ಕೊಡಬೇಡಿ, ಪಾಚಿ ಕಟ್ಟಿ ತೂತು ಮುಚ್ಚುತ್ತದೆ.

ಏಪ್ರಿಲ್ ಕೊನೆಗೆ ಮೀನು ಹಿಡಿದು, ಗೋಡು ಬಿರುಕು ಬಿಡುವವರೆಗೆ ಒಣಗಿಸುತ್ತೇನೆ. ಆಮೇಲೆ ಮಾಡಿನ ಕೆಳಗೆ ಒಂದು ಪದರ ಅಡಿಕೆ ಸಿಪ್ಪೆ, ಒಂದು ಪದರ ದರಕು, ಅದರ ಮೇಲೆ ಗೋಡು, ಸ್ವಲ್ಪ ಸಗಣಿ ನೀರು. ಬರೀ ಸಿಪ್ಪೆಯ ರಾಶಿ ವರ್ಷ ಕಳೆದರೂ ಹಾಗೇ ಕೂತಿರುತ್ತದೆ, ಅಲ್ವಾ? ಗೋಡಿನ ಸಾರಜನಕ ಸಿಕ್ಕರೆ ಬೇಗ ಕೊಳೆಯುತ್ತದೆ. ತಿಂಗಳಿಗೊಮ್ಮೆ ಮಗುಚಬೇಕು. ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಗೆ, ಮರಕ್ಕೆ ಎರಡು ಬುಟ್ಟಿ. ಬೂದಿ ಹಾಕುವುದು ಅದಾಗಿ ಒಂದು ತಿಂಗಳಿಗೆ.

ನಮ್ಮ ಮಣ್ಣು ಹುಳಿ, ಅಂದರೆ ಆಮ್ಲದ ಗುಣದ್ದು. ಅದರಲ್ಲಿರುವ ಕಬ್ಬಿಣ ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಕೆರೆಗೆ ಹಾಕಿದ ಸುಣ್ಣವೂ ಗೋಡಿನಲ್ಲಿ ಇರುವುದರಿಂದ ಹುಳಿ ಸ್ವಲ್ಪ ತಗ್ಗುತ್ತದೆ. ಎರಡು ವರ್ಷದಿಂದ ನಾನು ರಂಜಕದ ಗೊಬ್ಬರ ತಂದಿಲ್ಲ. ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ಕಡಿಯುವ ಕಾಡು) ತರುವ ಸೊಪ್ಪೂ ಅರ್ಧಕ್ಕೆ ಇಳಿದಿದೆ.

ಕೆರೆ ತೋಟದ ಕೆಳಗಿದ್ದರೆ ಒಂದು ಎಚ್ಚರ ಬೇಕು. ಅಡಿಕೆಯ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ (ತಾಮ್ರದ ಲವಣ) ಮಳೆ ನೀರಲ್ಲಿ ಇಳಿದು ಬರುತ್ತದೆ. ಅದು ಮೀನಿಗೆ ವಿಷ, ತಾಮ್ರ ಗೋಡಿನಲ್ಲೂ ಉಳಿಯುತ್ತದೆ. ಮೀನುಮರಿ ತರುವ ಮೊದಲೇ ಬಸಿಗಾಲುವೆಯನ್ನು ಬೇರೆ ಕಡೆ ತಿರುಗಿಸಿಕೊಳ್ಳಿ.