ಸವೆದು ಹೋದ ಪರ್ವತವನ್ನು ಕಲ್ಲಿನಲ್ಲಿ ಓದುವುದು ಹೇಗೆ? ಚಿತ್ರದುರ್ಗದಿಂದ ಬಿಳಿಗಿರಿರಂಗನ ಬೆಟ್ಟದವರೆಗೆ

ಹಳೇ ಪರ್ವತ ಹುಡುಕಲು ಹೊರಟವರು ಮೊದಲು ಬೆಟ್ಟದ ಎತ್ತರ ನೋಡುವುದನ್ನು ಬಿಡಬೇಕು. ರಾಮನಗರದ ಬೆಟ್ಟಗಳು ಎದ್ದು ನಿಂತಿವೆ ಅಂದ ಮಾತ್ರಕ್ಕೆ ಅವು ಆ ಕಾಲದ ಶಿಖರಗಳಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ಈ ಭಾಗದಲ್ಲಿ ಭೂಮಿಯ ಹೊರಪದರ ಒತ್ತಡಕ್ಕೆ ಸಿಕ್ಕಿ, ಮಡಿಸಿಕೊಂಡು, ದಪ್ಪವಾಯಿತು. ಮೇಲಿನ ಭಾಗ ಸವೆದು ಯಾವತ್ತೋ ಹೋಗಿದೆ. ಈಗ ನಾವು ಓಡಾಡುತ್ತಿರುವುದು ಅದರ ಬುಡದ ಮೇಲೆ. ಆ ಬುಡದ ಕಲ್ಲು ಎಷ್ಟು ಆಳದಲ್ಲಿತ್ತು, ಎಷ್ಟು ಬಿಸಿಯಾಗಿತ್ತು ಅಂತ ಗೊತ್ತಾದರೆ ಪರ್ವತದ ಕಥೆ ಸಿಗುತ್ತದೆ.

ಬೇಕಾಗುವುದು ಕಡಿಮೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಚಾಕು, ದಿಕ್ಸೂಚಿ, ನೋಟ್‌ಬುಕ್, ಒಂದು ಬಾಟಲಿ ನೀರು. ಕಲ್ಲನ್ನು ಒದ್ದೆ ಮಾಡಿ ನೋಡಿ, ಬಣ್ಣ ಮತ್ತು ಪಟ್ಟಿಗಳು ಚೆನ್ನಾಗಿ ಕಾಣುತ್ತವೆ. ಸುತ್ತಿಗೆ ಬೇಡ. ಲಾಲ್‌ಬಾಗ್ ಬಂಡೆ, ಮರಡಿಹಳ್ಳಿಯ ಲಾವಾ ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು, ಅಲ್ಲಿ ಒಂದು ಚೂರೂ ಕೀಳಬಾರದು. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಅರಣ್ಯ, ಹಾಗಾಗಿ ಅಲ್ಲಿ ರಸ್ತೆ ಬಿಟ್ಟು ಇಳಿಯಲೇಬೇಡಿ.

ಅಭ್ಯಾಸ ಲಾಲ್‌ಬಾಗ್‌ನಿಂದ ಶುರುವಾಗಲಿ. ಸುಮಾರು 300 ಕೋಟಿ ವರ್ಷದ ಈ ಬಂಡೆ ನೈಸ್ ಅನ್ನುವ ರೂಪಾಂತರ ಶಿಲೆ, ಅಂದರೆ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು. ಬಿಳಿ ಪಟ್ಟಿಯಲ್ಲಿ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಪಟ್ಟಿಯಲ್ಲಿ ಹೆಚ್ಚಾಗಿ ಕಪ್ಪು ಅಭ್ರಕ. ಪಟ್ಟಿಗಳನ್ನು ಅಡ್ಡ ಕತ್ತರಿಸಿಕೊಂಡು ಹೋದ ತಿಳಿ ಬಣ್ಣದ ಎಳೆ ಕಂಡರೆ ನಿಂತು ಚಿತ್ರ ಬರೆದುಕೊಳ್ಳಿ. ಕತ್ತರಿಸಿದ್ದು ವಯಸ್ಸಿನಲ್ಲಿ ಚಿಕ್ಕದು, ಕತ್ತರಿಸಿಕೊಂಡಿದ್ದು ಹಿರಿಯದು. ಒಂದು ಕಲ್ಲಿನ ಒಳಗೆ ಇನ್ನೊಂದರ ತುಂಡು ಸಿಕ್ಕಿಕೊಂಡಿದ್ದರೆ ಒಳಗಿನ ತುಂಡೇ ಹಿರಿಯದು. ಮುಂದೆ ಎಲ್ಲಿ ಹೋದರೂ ಮೊದಲು ಈ ವಯಸ್ಸಿನ ಸಾಲು ಬರೆದುಕೊಳ್ಳಿ, ಕಲ್ಲಿನ ಹೆಸರು ಆಮೇಲೆ ನೋಡೋಣ.

ಈಗ ಚಿತ್ರದುರ್ಗದ ಕಡೆ. ಮರಡಿಹಳ್ಳಿಯಲ್ಲಿ ಲಾವಾ ದಿಂಬಿನಾಕಾರದ ಗುಡ್ಡೆಗಳಾಗಿ ಹೆಪ್ಪುಗಟ್ಟಿದೆ, ಇದು ನೀರಿನೊಳಗೆ ಉಕ್ಕಿದ ಲಾವಾದ ಗುರುತು. ಅಂದರೆ ಪರ್ವತ ಏಳುವುದಕ್ಕಿಂತ ಮುಂಚೆ ಅಲ್ಲಿ ನೀರಿತ್ತು. ಕಲ್ಲಿನ ಹಸಿರು ಛಾಯೆ ಕ್ಲೋರೈಟ್‌ನಂಥ ಖನಿಜಗಳದ್ದು. ಕ್ಲೋರೈಟ್ ಇನ್ನೂ ಉಳಿದಿದೆ ಅಂದರೆ ಈ ಕಲ್ಲು ಜಾಸ್ತಿ ಬೆಂದಿಲ್ಲ, ಜಾಸ್ತಿ ಆಳಕ್ಕೂ ಹೋಗಿಲ್ಲ.

ಕೆಸರು ಗಟ್ಟಿಯಾಗಿ ಆದ ಕಲ್ಲು ಇನ್ನೂ ಒಳ್ಳೆಯ ಸಾಕ್ಷಿ. ಬಿಸಿ ಏರಿದಂತೆ ಅದರಲ್ಲಿ ಮೊದಲು ಕ್ಲೋರೈಟ್, ಆಮೇಲೆ ಕಪ್ಪು ಅಭ್ರಕ, ಗಾರ್ನೆಟ್, ಸ್ಟಾರೊಲೈಟ್, ಕಯನೈಟ್, ಕೊನೆಗೆ ಸಿಲಿಮನೈಟ್ ಹುಟ್ಟುತ್ತವೆ. ಈ ಕ್ರಮವನ್ನು 1893ರಲ್ಲಿ ಜಾರ್ಜ್ ಬ್ಯಾರೋ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಗುರುತಿಸಿದರು. ನಮ್ಮಲ್ಲಿ ಹೊಳೆನರಸೀಪುರದ ಸುತ್ತ ಕಯನೈಟ್ ಸಿಗುತ್ತದೆ, ನೀಲಿ ಛಾಯೆಯ ಉದ್ದನೆಯ ಪಟ್ಟಿಯಂಥ ಹರಳು. ಚಾಕುವಿನಿಂದ ಉದ್ದಕ್ಕೆ ಗೀರಿದರೆ ಗೆರೆ ಬೀಳುತ್ತದೆ, ಅದೇ ಹರಳನ್ನು ಅಡ್ಡಕ್ಕೆ ಗೀರಿದರೆ ಬೀಳುವುದಿಲ್ಲ! ಈ ಪರೀಕ್ಷೆ ನನಗೆ ತುಂಬಾ ಇಷ್ಟ, ಬಿದ್ದಿರುವ ಸಣ್ಣ ಚೂರಿನ ಮೇಲೂ ಮಾಡಬಹುದು. ಕಯನೈಟ್ ಹುಟ್ಟಲು ಒತ್ತಡ ಬೇಕು, ಅಂದರೆ ಆಳ ಬೇಕು. ಅದೇ ರಾಸಾಯನಿಕ ಸಂಯೋಜನೆಯ ಆಂಡಲೂಸೈಟ್ ಸಿಕ್ಕಿದ್ದರೆ ಆಳ ಕಡಿಮೆ ಎಂದು ಬರೆದುಕೊಳ್ಳಬೇಕಿತ್ತು. ಒಂದು ಎಚ್ಚರಿಕೆ: ಹೊಳೆನರಸೀಪುರದ ಕಲ್ಲುಗಳು ಬಹಳ ಹಳೆಯವು, ಒಂದಕ್ಕಿಂತ ಹೆಚ್ಚು ಸಲ ಬೆಂದಿವೆ. ಅಲ್ಲಿನ ಪ್ರತಿ ಹರಳನ್ನೂ ಇದೇ ಪರ್ವತದ ಲೆಕ್ಕಕ್ಕೆ ಹಾಕಬೇಡಿ.

ಮುಂದಿನ ನಿಲ್ದಾಣ ರಾಮನಗರ. ಇದರ ಹಳೇ ಹೆಸರು ಕ್ಲೋಸ್‌ಪೇಟೆ, ಇಲ್ಲಿನ ಅಗ್ನಿಶಿಲೆಗೆ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೆಸರು. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿದೆ, ವಯಸ್ಸು ಸುಮಾರು 252 ಕೋಟಿ ವರ್ಷ. ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಬೆರಳುದ್ದ ಕೂಡ ಇರುತ್ತವೆ. ಪಾಕ ನಿಧಾನಕ್ಕೆ ಆರಿದರೆ ಕಲ್ಲುಸಕ್ಕರೆ ದಪ್ಪಗೆ ಬರುತ್ತದೆ ಅಲ್ವಾ, ಕರಗಿದ ಕಲ್ಲೂ ಹಾಗೇ, ನೆಲದ ಆಳದಲ್ಲಿ ನಿಧಾನಕ್ಕೆ ಆರಿದ್ದರಿಂದಲೇ ಇಷ್ಟು ದಪ್ಪ ಹರಳು. ಒಳಗೆ ಹಳೇ ನೈಸ್‌ನ ತುಂಡುಗಳನ್ನು ಹುಡುಕಿ. ದಿಕ್ಸೂಚಿ ಹಿಡಿದು ಹರಳುಗಳ ಸಾಲು, ಪಕ್ಕದ ನೈಸ್‌ನ ಪಟ್ಟಿ ಯಾವ ಕಡೆ ಓಡುತ್ತವೆ ಅಂತ ಬರೆದುಕೊಳ್ಳಿ. ಬಹುಪಾಲು ಉತ್ತರ ದಕ್ಷಿಣವೇ ಬರುತ್ತದೆ. ಒತ್ತಡ ಮುಖ್ಯವಾಗಿ ಪೂರ್ವ ಪಶ್ಚಿಮದಿಂದ ಬಿತ್ತು ಎನ್ನಲು ಇದು ಆಧಾರ.

ಅಲ್ಲಿಂದ ಕನಕಪುರದ ಹತ್ತಿರದ ಕಬ್ಬಾಳದುರ್ಗ. ಬೂದು ಬಣ್ಣದ ನೈಸ್‌ನಲ್ಲಿ ಅಲ್ಲಲ್ಲಿ ಕಡು ಹಸಿರು, ಜಿಡ್ಡು ಹೊಳಪಿನ ಮಚ್ಚೆಗಳಿವೆ. ಹತ್ತಿರದಿಂದ ನೋಡಿ: ನೈಸ್‌ನ ಪಟ್ಟಿ ಮಚ್ಚೆಯ ಅಂಚಿನಲ್ಲಿ ಮಸುಕಾಗುತ್ತಾ ಒಳಗೆ ಅಳಿಸಿಯೇ ಹೋಗುತ್ತದೆ. ಆ ಮಚ್ಚೆಗಳು ಚಾರ್ನೋಕೈಟ್, ತುಂಬಾ ಆಳದಲ್ಲಿ ತುಂಬಾ ಬಿಸಿಗೆ ಬೆಂದು ಆಗುವ ಕಲ್ಲು. ಅದು ನೈಸ್ ಚಾರ್ನೋಕೈಟ್ ಆಗಿ ಬದಲಾಗುತ್ತಿದ್ದಾಗಲೇ ನಿಂತುಹೋದ ಜಾಗ. ಇದರ ಮಹತ್ವವನ್ನು 1960ರಲ್ಲಿ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಜಗತ್ತಿಗೆ ತಿಳಿಸಿದರು. ಇನ್ನೂ ದಕ್ಷಿಣಕ್ಕೆ, ಬಿಳಿಗಿರಿರಂಗನ ಬೆಟ್ಟಕ್ಕೆ ಬಂದರೆ ಎಲ್ಲೆಲ್ಲೂ ಚಾರ್ನೋಕೈಟ್.

ಲೆಕ್ಕ ಇಲ್ಲಿದೆ, ನಿಧಾನವಾಗಿ ಓದಿ. ಆ ಚಾರ್ನೋಕೈಟ್ ಆಗಿದ್ದು ಸರಿಸುಮಾರು 700 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ, ಸುಮಾರು 25 ಕಿಲೋಮೀಟರ್ ಆಳದಲ್ಲಿ. ಅಂದರೆ ಅದರ ಮೇಲಿದ್ದ ಅಷ್ಟೂ ಕಲ್ಲು ಸವೆದಿದೆ. ಕೆಳಗೆ ಇವತ್ತಿಗೂ 35 ಕಿಲೋಮೀಟರಿಗಿಂತ ಜಾಸ್ತಿ ಹೊರಪದರ ಉಳಿದಿದೆ. ಎರಡನ್ನೂ ಕೂಡಿಸಿ: ಹತ್ತಿರ ಹತ್ತಿರ 60. ಇವತ್ತು ಅಷ್ಟು ದಪ್ಪ ಇರುವುದು ಹಿಮಾಲಯ, ಟಿಬೆಟ್, ಆಂಡೀಸ್‌ನಂಥ ಕಡೆ. ಕೆಳಗಿನಿಂದ ಒಂದಿಷ್ಟು ಆಮೇಲೆ ಸೇರಿರಬಹುದು, ಆದರೂ ಇಲ್ಲಿ ದೊಡ್ಡ ಪರ್ವತ ಇತ್ತು ಎನ್ನಲು ನನಗೆ ಇದಕ್ಕಿಂತ ಗಟ್ಟಿ ವಾದ ಕಂಡಿಲ್ಲ. ಹಿಮಾಲಯದ ಹಾಗೆ ಭೂಫಲಕಗಳು ಡಿಕ್ಕಿ ಹೊಡೆದೇ ಇದು ಆಯಿತೋ, ಇಲ್ಲ ಭಾರದ ಲಾವಾ ಮೆತ್ತಗಿದ್ದ ನೆಲದೊಳಗೆ ಕುಸಿದು ಆಯಿತೋ ಅನ್ನುವ ಚರ್ಚೆ ಮಾತ್ರ ವಿಜ್ಞಾನಿಗಳಲ್ಲಿ ಇನ್ನೂ ನಡೆಯುತ್ತಿದೆ.

ನೋಟ್‌ಬುಕ್‌ನ ಗುರುತುಗಳನ್ನು ನಕ್ಷೆಯ ಮೇಲೆ ಹಾಕಿ. ಉತ್ತರದಲ್ಲಿ ಕ್ಲೋರೈಟ್, ದಕ್ಷಿಣದಲ್ಲಿ ಚಾರ್ನೋಕೈಟ್: ಹೊರಪದರವೇ ಓರೆಯಾಗಿ ಮೇಲೆದ್ದಿರುವುದರಿಂದ ದಕ್ಷಿಣಕ್ಕೆ ಹೋದಷ್ಟೂ ಆಳಕ್ಕೆ ಇಳಿದಂತೆ. ಗ್ರಾನೈಟ್ ಕಂಡಲ್ಲೆಲ್ಲ ಇದೇ ಪರ್ವತ ಎಂದು ಗುರುತು ಹಾಕಬೇಡಿ. ಮೈಸೂರಿನ ಚಾಮುಂಡಿ ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಣ್ಣಿಗೆ ಎರಡೂ ಗ್ರಾನೈಟೇ. ಕೋಟಿ ವರ್ಷದ ಲೆಕ್ಕ ಬೇಕಾದರೆ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಅಂತ ಲ್ಯಾಬಿನಲ್ಲೇ ಅಳೆಯಬೇಕು.