ಸೀನಿಯರ್ ಕೊಟ್ಟ ಹಳೇ ಎಡಿಷನ್ ಇಟ್ಟುಕೊಂಡು ನರ್ಸಿಂಗ್ ಓದುವುದು ಹೇಗೆ?

ಬಿ.ಎಸ್‌ಸಿ. ನರ್ಸಿಂಗ್‌ಗೆ ಸೇರಿದ ಮೊದಲ ವಾರವೇ ಪುಸ್ತಕಗಳ ಉದ್ದನೆಯ ಪಟ್ಟಿ ಕೈಗೆ ಬರುತ್ತದೆ. ಎಲ್ಲವನ್ನೂ ಹೊಸದಾಗಿ ಕೊಂಡರೆ ಅಪ್ಪನ ಜೇಬು ಖಾಲಿ. ಅವೇ ಪುಸ್ತಕಗಳ ಹಳೇ ಎಡಿಷನ್ ಹಾಸ್ಟೆಲ್ ಸೀನಿಯರ್‌ಗಳ ಹತ್ತಿರವೋ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಿ, ತಪ್ಪೇನಿಲ್ಲ. ಆದರೆ ಎಲ್ಲ ವಿಷಯಕ್ಕೂ ಅಲ್ಲ.

ಮೊದಲು ಒಳಪುಟದಲ್ಲಿ ಇಸವಿ ನೋಡಿ. ಮರುಮುದ್ರಣದ ಇಸವಿ ನೋಡಿ ಮೋಸ ಹೋಗಬೇಡಿ. 2022ರಲ್ಲಿ ಅಚ್ಚಾದ ಪುಸ್ತಕದೊಳಗೆ 2012ರ ಎಡಿಷನ್ನೇ ಇರಬಹುದು.

ಆಮೇಲೆ ವಿಷಯ. ಅನಾಟಮಿ ಪುಸ್ತಕ ಹತ್ತು ವರ್ಷ ಹಳೆಯದಾದರೂ ಚಿಂತೆಯಿಲ್ಲ. ದೊಡ್ಡವರ ಮೈಯಲ್ಲಿ ಆಗಲೂ 206 ಮೂಳೆ, ಈಗಲೂ ಅಷ್ಟೇ ಅಲ್ವಾ? ಫಿಸಿಯಾಲಜಿಗೂ ಬಹುಪಾಲು ಇದೇ ಮಾತು. ಫಾರ್ಮಕಾಲಜಿ, ಅಂದರೆ ಔಷಧಿಗಳ ಪುಸ್ತಕ ಮಾತ್ರ ಹೊಸದೇ ಬೇಕು, ಇಲ್ಲಿ ಜುಗ್ಗತನ ಬೇಡ.

ನಿಜವಾದ ತೊಡಕು ಇರುವುದು ಕಮ್ಯುನಿಟಿ ಹೆಲ್ತ್‌ನಲ್ಲಿ. ಅಂಗಡಿಯಲ್ಲಿ ನಿಂತೇ ಲಸಿಕೆಯ ಪುಟ ತೆರೆಯಿರಿ. ಗರ್ಭಿಣಿಯರಿಗೆ ಟಿ.ಟಿ. (ಧನುರ್ವಾಯು) ಇಂಜೆಕ್ಷನ್ ಎಂದಿದ್ದರೆ ಆ ಪುಟ ಹಳೆಯದು. 2019ರಿಂದ ಅದರ ಜಾಗಕ್ಕೆ ಧನುರ್ವಾಯು, ಡಿಫ್ತೀರಿಯಾ ಎರಡನ್ನೂ ತಡೆಯುವ ಟಿ.ಡಿ. ಬಂದಿದೆ. ಪೋಲಿಯೊ ಹನಿಯಲ್ಲಿ ಮೂರು ಬಗೆಯ ವೈರಸ್ ಎಂದಿದ್ದರೆ ಇನ್ನೂ ಹಳೆಯದು, 2016ರ ಏಪ್ರಿಲ್‌ನಲ್ಲೇ ಅದು ಎರಡಕ್ಕೆ ಇಳಿಯಿತು. ಟಿ.ಬಿ. ಪಾಠವನ್ನೂ ನೋಡಿ. ವಾರಕ್ಕೆ ಮೂರು ದಿನ ಮಾತ್ರೆ ನುಂಗಿಸುವ ಕ್ರಮ ಹೋಗಿ ಈಗ ದಿನಾಲೂ ಕೊಡುತ್ತಾರೆ. ಆರ್‌.ಎನ್‌.ಟಿ.ಸಿ.ಪಿ. ಎಂಬ ಸರ್ಕಾರಿ ಟಿ.ಬಿ. ಕಾರ್ಯಕ್ರಮದ ಹೆಸರೂ 2020ರಲ್ಲಿ ಎನ್‌.ಟಿ.ಇ.ಪಿ. ಆಯಿತು. ಇಷ್ಟನ್ನು ಅಂಗಡಿಯವರಿಗೆ ತೋರಿಸಿ ಬೆಲೆಯನ್ನೂ ಇಳಿಸಬಹುದು!

ಬೇರೆ ಪುಸ್ತಕಗಳಲ್ಲೂ ಇಂಥ ಗುರುತುಗಳಿವೆ. ಆಸ್ಪತ್ರೆ ತ್ಯಾಜ್ಯಕ್ಕೆ ಕಪ್ಪು ಚೀಲ ಎಂದಿದ್ದರೆ ಅದು 1998ರ ನಿಯಮ. 2016ರ ನಿಯಮದಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ಅಷ್ಟೇ. ಮೆಂಟಲ್ ಹೆಲ್ತ್ ಪುಸ್ತಕದಲ್ಲಿ 1987ರ ಕಾಯ್ದೆ ಇದ್ದರೆ ಆ ಅಧ್ಯಾಯ ಬಿಟ್ಟುಬಿಡಿ, 2017ರ ಕಾಯ್ದೆ ಓದಿ. ದೊಡ್ಡವರ ಸಿ.ಪಿ.ಆರ್. (ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವುದು) ಪಾಠ ಉಸಿರಿನ ದಾರಿಯಿಂದ ಶುರುವಾದರೆ ಅದು 2010ಕ್ಕೂ ಹಿಂದಿನದು. ಈಗ ಮೊದಲು ಎದೆ ಒತ್ತುವುದು, ನಿಮಿಷಕ್ಕೆ 100ರಿಂದ 120 ಸಲ.

ಪುಸ್ತಕ ಮನೆಗೆ ಬಂದ ಮೇಲೆ ಸಿಲಬಸ್ ಪಕ್ಕದಲ್ಲಿಟ್ಟುಕೊಂಡು ಕೂರಿ. ಭಾರತೀಯ ನರ್ಸಿಂಗ್ ಪರಿಷತ್ತು ಬಿ.ಎಸ್‌ಸಿ. ಕೋರ್ಸನ್ನು ಎಂಟು ಸೆಮಿಸ್ಟರ್ ಮಾಡಿದ್ದು 2021ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳು ವರ್ಷದ ಲೆಕ್ಕದಲ್ಲಿ ಇರಬಹುದು. ಯಾವ ಪಾಠ ಇದೆ, ಯಾವುದು ಇಲ್ಲ ಎಂದು ಪರಿವಿಡಿಯಲ್ಲೇ ಪೆನ್ಸಿಲ್‌ನಿಂದ ಗುರುತು ಹಾಕಿ. ಇಲ್ಲದ್ದನ್ನು ಲೈಬ್ರರಿಯ ಹೊಸ ಎಡಿಷನ್‌ನಿಂದ ಬರೆದುಕೊಳ್ಳಿ. ಬದಲಾದ ಪುಟಕ್ಕೆ ಇಸವಿ ಸಮೇತ ಒಂದು ಚೀಟಿ ಅಂಟಿಸಿ. ಮೇಡಂ ಕ್ಲಾಸಿನಲ್ಲಿ ಪುಟ ಸಂಖ್ಯೆ ಹೇಳಿದರೆ ಪಾಠದ ಹೆಸರು ಕೇಳಿಕೊಳ್ಳಿ. ಪುಟ ಹೊಂದುವುದಿಲ್ಲ, ಹುಡುಕುತ್ತಾ ಕೂತರೆ ಅರ್ಧ ಕ್ಲಾಸ್ ಮುಗಿದಿರುತ್ತದೆ.

ವಾರ್ಡಿಗೆ ಹೋದಾಗ ಮಾತ್ರ ಔಷಧಿಯ ಪ್ರಮಾಣವನ್ನು ಹಳೇ ಪುಸ್ತಕ ನೋಡಿ ಹೇಳಲೇಬೇಡಿ. ಅಲ್ಲಿ ಡಾಕ್ಟರ್ ಬರೆದದ್ದು ನೋಡಿ, ಅನುಮಾನ ಬಂದರೆ ಸಿಸ್ಟರ್‌ನ ಕೇಳಿ.

ಅಂದಹಾಗೆ, ಅಂಚಿನಲ್ಲಿ ಸೀನಿಯರ್ ಪೆನ್ಸಿಲ್‌ನಲ್ಲಿ ಏನಾದರೂ ಗೀಚಿದ್ದರೆ ಸುಮ್ನೆ ಅಳಿಸಬೇಡಿ. ವೈವಾದಲ್ಲಿ ಕೇಳಿದ ಪ್ರಶ್ನೆಗಳು ಎಷ್ಟೋ ಸಲ ಅಲ್ಲೇ ಇರುತ್ತವೆ.