ಇಬ್ಬರಿಗೂ ಒಂದೇ ಹಾಳೆ ಕೊಟ್ಟಿದ್ದೆ

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಮೊದಮೊದಲು ಸೊಂಟ ನೋವು ಅಂತ ಯಾವ ಮಗು ಬಂದರೂ ಒಂದೇ ಜೆರಾಕ್ಸ್ ಹಾಳೆ ಕೊಡುತ್ತಿದ್ದೆ. ಅದರಲ್ಲಿ ಏಳು ವ್ಯಾಯಾಮ. ಆ ಅಭ್ಯಾಸ ಬಿಡಿಸಿದವರು ಇಬ್ಬರು ಮಕ್ಕಳು, ಒಂದೇ ತಿಂಗಳಲ್ಲಿ.

ಮೊದಲನೆಯವಳು ಎಸ್ಸೆಸ್ಸೆಲ್ಸಿ ಹುಡುಗಿ. "ಬ್ಯಾಗ್ ಭಾರ ನೋಡಿ ಮೇಡಂ, ಎಲ್ಲ ಇದರಿಂದಲೇ" ಅಂದರು ಅವಳಮ್ಮ. ತೂಕ ಹಾಕಿದೆ. ಬ್ಯಾಗು 4.5 ಕೆಜಿ, ಹುಡುಗಿ 46 ಕೆಜಿ. ಮಗುವಿನ ತೂಕದ ಶೇ. 10ರೊಳಗೆ ಇರಬೇಕು ಅನ್ನುತ್ತದೆ ಕೇಂದ್ರದ 2020ರ ಸ್ಕೂಲ್ ಬ್ಯಾಗ್ ನೀತಿ. ಲೆಕ್ಕ ಸರಿಯಾಗೇ ಇತ್ತು. ಪಾಪ, ಬ್ಯಾಗಿಗೆ ಸುಮ್ನೆ ಬೈಗುಳ.

"ದಿನವೆಲ್ಲ ಏನೇನು ಮಾಡ್ತೀಯಮ್ಮ?" ಅಂದೆ. ಬೆಳಗ್ಗೆ ಆರಕ್ಕೆ ಟ್ಯೂಷನ್, ಆಮೇಲೆ ಸ್ಕೂಲು, ಸಂಜೆ ಮತ್ತೆ ಟ್ಯೂಷನ್, ರಾತ್ರಿ ಮಂಚದ ಮೇಲೆ ಬಗ್ಗಿಕೊಂಡು ಓದು. ಪಿಟಿ ಪೀರಿಯಡ್ಡಿನಲ್ಲಿ ಗಣಿತ. ನಡಿಗೆ ಅಂದರೆ ಗೇಟಿನಿಂದ ಅಪ್ಪನ ಸ್ಕೂಟರ್ ತನಕ.

ಎರಡು ವಾರ ಬಿಟ್ಟು ಬಂದಾಗ ಹಾಳೆ ಮಡಿಕೆ ಕೂಡ ಬಿಚ್ಚಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ಯಾವ ಆಟ ಇಷ್ಟ ಅಂತ ಕೇಳಿದೆ. "ಥ್ರೋಬಾಲ್. ಒಂಬತ್ತನೇ ಕ್ಲಾಸ್ ತನಕ ಟೀಮಲ್ಲಿದ್ದೆ." ಮುಖ ಅರಳಿತು. ಅಮ್ಮನದು ಮಾತ್ರ ಒಂದೇ ಹಟ: "ಪರೀಕ್ಷೆ ಮುಗೀಲಿ, ಆಟ ಗೀಟ ಆಮೇಲೆ." 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚೌಕಾಸಿ ಮಾಡಿ ಅರ್ಧ ಗಂಟೆಗೆ ಒಪ್ಪಿಸಿದೆ: ಟ್ಯೂಷನ್‌ಗೆ ನಡೆದು ಹೋಗುವುದು, ಸಂಜೆ ಸ್ವಲ್ಪ ಥ್ರೋಬಾಲ್. ಆರು ವಾರಕ್ಕೆ ನೋವು ಪೂರ್ತಿ ಹೋಗಿರಲಿಲ್ಲ. ಆದರೆ ನಾನಾಗಿ ಕೇಳಿದರೆ ಮಾತ್ರ ಅದರ ನೆನಪು ಅವಳಿಗೆ.

ಎರಡನೆಯವನು ಹದಿನಾಲ್ಕರ ಫಾಸ್ಟ್ ಬೌಲರ್. ಅವನಿಗೂ ಅದೇ ಹಾಳೆ ಕೊಟ್ಟೆ. ತಪ್ಪಾಗಿದ್ದು ಅಲ್ಲೇ. ಬೋರಲು ಮಲಗಿ ಎದೆ ಎತ್ತುವ ವ್ಯಾಯಾಮವೂ ಅದರಲ್ಲಿತ್ತು. ಪಾಪದ ಹುಡುಗ, ಒಂದು ದಿನ ಬಿಡದೆ ಮಾಡಿದ. ಹತ್ತು ದಿನಕ್ಕೆ ನೋವು ಜಾಸ್ತಿ ಮಾಡಿಕೊಂಡು ಬಂದ.

ಆಗ ಸರಿಯಾಗಿ ಕೂತು ಕೇಳಿದೆ. ಬೆಳಗ್ಗೆ ನೆಟ್ಸ್, ಸಂಜೆ ನೆಟ್ಸ್, ಭಾನುವಾರ ಟೆನ್ನಿಸ್ ಬಾಲ್ ಮ್ಯಾಚು. ಬಲಗೈ ಬೌಲರ್, ನೋವು ಸೊಂಟದ ಎಡಕ್ಕೆ. ಎಡಗಾಲೊಂದರಲ್ಲೇ ನಿಂತು ಹಿಂದಕ್ಕೆ ಬಾಗು ಅಂದೆ. ಬಾಗುತ್ತಲೇ ಹಲ್ಲು ಕಚ್ಚಿದ. ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಎಂಆರ್‌ಐನಲ್ಲಿ ಬೆನ್ನುಮೂಳೆಯ ಕೆಳಗಿನ ಮಣಿಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಒತ್ತಡ ಬಿದ್ದು ಆಗುವ ಸಣ್ಣ ಬಿರುಕು, ಕಂಡಿತು. ಬೆಳೆಯುವ ಮೂಳೆ ಅದು. ತಿರುಗಿಸಿ, ಬಾಗಿಸಿ, ದಿನಾ ಅದೇ ಜಾಗಕ್ಕೆ ಏಟು ಕೊಟ್ಟರೆ ಬಿರುಕು ಬಿಡದೆ ಏನು ಮಾಡೀತು?

ಈಗ ಹಾಳೆ ಕೊಡುವುದಿಲ್ಲ. ಮೊದಲು ಒಂದು ವಾರದ ದಿನಚರಿ ಬರೆಸುತ್ತೇನೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಕಾಲು ಜೋಮು, ಮೂತ್ರದ ತೊಂದರೆ ಇದ್ದರೆ ದಿನಚರಿಯೂ ಬೇಡ, ನೇರ ಡಾಕ್ಟರ ಹತ್ತಿರ.

ಮೂರು ತಿಂಗಳು ಬೌಲಿಂಗ್ ಬಂದ್ ಮಾಡಿದ ಹುಡುಗ ನಿಧಾನಕ್ಕೆ ಮರಳಿದ. ಈಗ ಅವರಪ್ಪ ದಿನಕ್ಕೆ ಎಷ್ಟು ಬಾಲ್ ಹಾಕಿದ ಅಂತ ನೋಟ್‌ಬುಕ್ಕಿನಲ್ಲಿ ಬರೆದು ತರುತ್ತಾರೆ. ಭಾನುವಾರದ ಪುಟ ಮಾತ್ರ ಯಾವಾಗಲೂ ಖಾಲಿ. ನನಗೆ ಅನುಮಾನ ಇದೆ.